ತಿಥಿ ಹಿಡಿದು ತಾರೀಖಿಗೆ: ಹಿರಿಯರ ಜನನ, ಮರಣ, ಮದುವೆ ದಾಖಲೆ ಹುಡುಕುವ ಬಗೆ

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ "1960ರ ಆಸುಪಾಸು" ಎಂದರೆ ಕೆಲಸ ಆಗುವುದಿಲ್ಲ. ಹುಡುಕುವ ಶುಲ್ಕ ವರ್ಷದ ಲೆಕ್ಕದಲ್ಲಿ ಬೀಳುತ್ತದೆ, ಗುಮಾಸ್ತರ ತಾಳ್ಮೆಯೂ ಹಾಗೆಯೇ. ಅದಕ್ಕೇ ಅರ್ಜಿ ಬರೆಯುವ ಮೊದಲು ನಾನು ಮನೆಯಲ್ಲೇ ವರ್ಷ ಗಟ್ಟಿ ಮಾಡಿಕೊಳ್ಳುತ್ತೇನೆ.

ಮರಣಕ್ಕೆ ಶ್ರಾದ್ಧದ ತಿಥಿಯಷ್ಟು ನಂಬಿಕಸ್ತ ಸುಳಿವು ಬೇರೆ ಇಲ್ಲ. ತಾರೀಖು ಮರೆತ ಮನೆಯವರೂ ತಿಥಿ ಮರೆತಿರುವುದಿಲ್ಲ. ಹಳೆಯ ಪಂಚಾಂಗದ ಅಂಚಿನಲ್ಲಿ "ಪ್ಲವ ಸಂ. ಆಶ್ವಯುಜ ಬಹುಳ ಪಂಚಮಿ" ಎಂದು ಗೀಚಿದ್ದರೆ ಅರ್ಧ ಕೆಲಸ ಮುಗಿದಂತೆ. "ಸಂ." ಎಂದರೆ ಸಂವತ್ಸರ, ಪ್ಲವ ಸಂವತ್ಸರ ಬರುವುದು 60 ವರ್ಷಕ್ಕೊಮ್ಮೆ: 1901-02, 1961-62, 2021-22. ಮಕ್ಕಳ ವಯಸ್ಸು ನೋಡಿದರೆ ಯಾವ ಸುತ್ತು ಎಂದು ಗೊತ್ತಾಗುತ್ತದೆ. 1961 ಆದರೆ ಆ ತಿಥಿ ಅಕ್ಟೋಬರ್ ಕೊನೆಯ ವಾರಕ್ಕೆ ಬೀಳುತ್ತದೆ. ಎಡವುವುದು ಮಾಘ, ಫಾಲ್ಗುಣದಲ್ಲಿ. ಸಂವತ್ಸರ ಬದಲಾಗುವುದು ಯುಗಾದಿಗೆ. ಪ್ಲವದ ಮಾಘವನ್ನು 1962ರ ಪುಸ್ತಕದಲ್ಲಿ ನೋಡಬೇಕು.

ಜನನ ದಾಖಲೆ ಇರುವುದು ಹೆರಿಗೆಯಾದ ಊರಿನ ಪುಸ್ತಕದಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವ ವಾಡಿಕೆ ಇರುವುದರಿಂದ ಅಜ್ಜ-ಅಜ್ಜಿಯ ಹಿರಿಯ ಮಗುವಿಗೆ ಅಜ್ಜಿಯ ತವರೂರಿನ ತಾಲ್ಲೂಕಿನಲ್ಲಿ ಅರ್ಜಿ ಹಾಕಿ, ಅಜ್ಜನ ಊರಿನಲ್ಲಲ್ಲ. ನಾಮಕರಣಕ್ಕೆ ಮೊದಲೇ ಬರೆಸಿದ್ದರೆ ಹೆಸರಿನ ಜಾಗ ಖಾಲಿ ಇರುತ್ತದೆ, ಬರಿ "ಹೆಣ್ಣು" ಎಂದಿರುತ್ತದೆ. ತಂದೆಯ ಹೆಸರು ಹಿಡಿದು ಹುಡುಕಿ. ಶಾಲೆಯ ಟಿ.ಸಿ.ಯಲ್ಲಿ ಜೂನ್ 1 ಎಂದಿದ್ದರೆ ನಂಬಬೇಡಿ. ಅದು ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳಲು ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ ಇರಬಹುದು.

ಈಗಿನ ಜನನ-ಮರಣ ನೋಂದಣಿ ಕಾಯ್ದೆ 1969ರದು, ರಾಜ್ಯದಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಿಂದ. ಅದಕ್ಕೂ ಹಿಂದಿನ ಪುಸ್ತಕಗಳು ಎಲ್ಲ ಊರಿಗೂ ಉಳಿದಿಲ್ಲ. ಅರ್ಜಿಯಲ್ಲಿ ಅಂದಿನ ತಾಲ್ಲೂಕು, ಜಿಲ್ಲೆಯ ಹೆಸರನ್ನೂ ಬರೆಯಿರಿ: ಉಡುಪಿ 1997ರವರೆಗೆ ದಕ್ಷಿಣ ಕನ್ನಡದಲ್ಲಿತ್ತು. ಸಿಗದಿದ್ದರೆ ನಮೂನೆ 10ರಲ್ಲಿ ಅಲಭ್ಯತೆ ಪ್ರಮಾಣಪತ್ರ ಕೊಡುತ್ತಾರೆ. ಅದರಲ್ಲಿ ಯಾವ ವರ್ಷ ನಮೂದಾಗಿದೆ ನೋಡಿ. 1961ಕ್ಕೆ "ಇಲ್ಲ" ಎಂದರೆ 1962 ನೋಡಿದ್ದಾರೆ ಎಂದು ಅರ್ಥವಲ್ಲ. ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ. ಅದನ್ನು ಕೊಡಬಾರದೆಂದು ಕಾಯ್ದೆಯೇ ಹೇಳುತ್ತದೆ.

ಹಳೆಯ ಮದುವೆಗಳು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುವುದು ಅಪರೂಪ. ಲಗ್ನಪತ್ರಿಕೆಯೇ ಗತಿ. ಕ್ರೈಸ್ತ ಕುಟುಂಬಗಳಿಗೆ ಇಗರ್ಜಿಯ ಪುಸ್ತಕಗಳಿವೆ, ಅದು ದೊಡ್ಡ ಅನುಕೂಲ.

ಏನೂ ಸಿಗದಿದ್ದರೆ ಜಮೀನಿನ ಕಡೆ ತಿರುಗುತ್ತೇನೆ. ಪಹಣಿಯಲ್ಲಿ ಖಾತೆದಾರರ ಹೆಸರಿನ ಜೊತೆಗಿರುವ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆ ಪುಸ್ತಕದ) ಸಂಖ್ಯೆ ಕೊಟ್ಟು ಪೌತಿ ಖಾತೆಯ, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಜಮೀನು ಬದಲಾದ ದಾಖಲೆಯ, ನಕಲು ಕೇಳಿ. ಪೌತಿ ಎಷ್ಟೋ ವರ್ಷ ತಡವಾಗಿ ಆಗಿರಬಹುದು, ಹಾಗಾಗಿ ಸಾವು ಅದಕ್ಕಿಂತ ಮುಂಚಿನದು ಎಂದಷ್ಟೇ ಹಿಡಿಯಿರಿ. ಆದರೆ ವಾರಸುದಾರರ ಹೆಸರುಗಳು ಅಲ್ಲಿರುತ್ತವೆ, ಮನೆಯಲ್ಲಿ ಯಾರೂ ಮಾತೆತ್ತದ ಎರಡನೇ ಹೆಂಡತಿಯದೂ ಕೆಲವೊಮ್ಮೆ.