ಬೆಂಗಳೂರಿನ ಮೇಲೆ 580 ನಾಟ್ ಗಾಳಿ: ಬಲೂನ್ ಸಂದೇಶ ಬಿಡಿಸಿದ ನನ್ನ ಅನುಭವ

ಹವಾಮಾನ ಬಲೂನು ಕಳಿಸಿದ ಜುಲೈ ತಿಂಗಳ ಒಂದು ಸಂದೇಶ ಬಿಡಿಸಿದಾಗ ನನ್ನ ಪೈಥಾನ್ ಪ್ರೋಗ್ರಾಮ್ 100 ಹೆಕ್ಟೊಪಾಸ್ಕಲ್ ಮಟ್ಟದಲ್ಲಿ 580 ನಾಟ್ ಗಾಳಿ ಅಂತ ತೋರಿಸಿತು. (ಇಲ್ಲಿ ಮಟ್ಟಗಳನ್ನು ಗಾಳಿಯ ಒತ್ತಡದಿಂದ ಗುರುತಿಸುತ್ತಾರೆ, ಸಂಖ್ಯೆ ಚಿಕ್ಕದಾದಷ್ಟೂ ಎತ್ತರ ಜಾಸ್ತಿ.) ಗಂಟೆಗೆ ಸಾವಿರ ಕಿಲೋಮೀಟರಿಗೂ ಜಾಸ್ತಿ! ಅಂಥ ಗಾಳಿ ಭೂಮಿಯ ಮೇಲೆ ಎಲ್ಲೂ ಬೀಸುವುದಿಲ್ಲ. ಆಗ ನಾನು ಮಾಡಿದ್ದು ಒಂದೇ ಸಾಲಿನ ರಿಪೇರಿ: 200 ನಾಟ್ ದಾಟಿದ ಗಾಳಿ ಬಂದರೆ ಬಿಸಾಕು. ಆ ಒಂದು ಸಾಲು ಮುಂದೆ ಎರಡು ವಾರ ನನ್ನ ನಿದ್ದೆ ಕೆಡಿಸಿತು.

ನಾನು ಹವಾಮಾನ ಓದಿದವನಲ್ಲ, ಸಾಫ್ಟ್‌ವೇರ್ ಕೆಲಸದವನು. ಮಳೆಗಾಲ ಅಂದರೆ ಚಿಕ್ಕಂದಿನಿಂದ ಇಷ್ಟ. ದಿನಕ್ಕೆ ಎರಡು ಹೊತ್ತು, ಯುಟಿಸಿ ಎಂಬ ಜಾಗತಿಕ ಸಮಯದ ಲೆಕ್ಕದಲ್ಲಿ 00 ಮತ್ತು 12 ಗಂಟೆಗೆ, ಅಂದರೆ ನಮ್ಮ ಬೆಳಿಗ್ಗೆ ಮತ್ತು ಸಂಜೆ ಐದೂವರೆಯ ಲೆಕ್ಕಕ್ಕೆ, ಬಲೂನಿಗೆ ಕಟ್ಟಿದ ಪುಟ್ಟ ಪೆಟ್ಟಿಗೆ ಮೇಲೇರುತ್ತಾ ಒತ್ತಡ, ಉಷ್ಣತೆ, ತೇವಾಂಶ, ಗಾಳಿಯ ವಿವರ ಕಳಿಸುತ್ತದೆ. ಈ ವಿವರ ಕಳಿಸಲು ಈಗ ಬಫರ್ ಎಂಬ ಹೊಸ ರೂಪ ಬಂದಿದೆ. ಆದರೆ ಹಳೇ ದಾಖಲೆ ಬೇಕು ಅಂದರೆ ಐದೈದು ಅಂಕಿಗಳ ಗುಂಪುಗಳಲ್ಲಿ ಬರೆಯುವ ಟೆಂಪ್ ಎಂಬ ಹಳೇ ಕೋಡನ್ನೇ ಬಿಡಿಸಬೇಕು.

580ರ ಗುಟ್ಟು ಆ ಕೋಡಿನ ಕೈಪಿಡಿಯಲ್ಲೇ ಇತ್ತು. ಸಂದೇಶದಲ್ಲಿದ್ದ ಗುಂಪು 08580. ಮೊದಲ ಎರಡು ಅಂಕಿ ದಿಕ್ಕು, ಉಳಿದ ಮೂರು ವೇಗ. ದಿಕ್ಕನ್ನು ಐದು ಡಿಗ್ರಿಯ ಲೆಕ್ಕಕ್ಕೆ ಕೊಡುತ್ತಾರೆ, ಆದರೆ ಕೊನೆಯ 5 ಬರೆಯಲು ಜಾಗ ಇಲ್ಲ, ಅದಕ್ಕೆ ವೇಗಕ್ಕೆ 500 ಕೂಡಿಸಿಬಿಡುತ್ತಾರೆ. ಹಾಗಾಗಿ ಇದು 85 ಡಿಗ್ರಿಯಿಂದ 80 ನಾಟ್. ಮುಂಗಾರಿನಲ್ಲಿ ದಕ್ಷಿಣ ಭಾರತದ ಮೇಲೆ ಅಷ್ಟು ಎತ್ತರದಲ್ಲಿ ಪೂರ್ವದಿಂದ ಜೋರು ಗಾಳಿ ಬೀಸುವುದು ಸಹಜ. ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಲೆಕ್ಕ ಸರಿ ಮಾಡಿದೆ. ಆದರೆ ಆ ಬಿಸಾಕುವ ಸಾಲನ್ನು ತೆಗೆಯಲಿಲ್ಲ. ಇರಲಿ, ಏನು ತೊಂದರೆ ಅಂದುಕೊಂಡೆ.

ಆಮೇಲಿನದು ಸ್ಲ್ಯಾಶ್ ಸಮಸ್ಯೆ. ಮಂಗಳೂರಿನ 43285ನೇ ಕೇಂದ್ರದ ಸಂದೇಶಗಳು ಚೆನ್ನಾಗಿ ಬಿಡಿಸಿಕೊಳ್ಳುತ್ತಿದ್ದವು, ಬೆಂಗಳೂರಿನ 43295 ಮಾತ್ರ ಶುರುವಿನಲ್ಲೇ ಕೆಡುತ್ತಿತ್ತು. ಯೋಚಿಸಿದರೆ ಕಾರಣ ನಮ್ಮ ಕಾಲಡಿಯಲ್ಲೇ ಇದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ನೆಲದ ಒತ್ತಡವೇ 912ರ ಆಸುಪಾಸು. 1000 ಮತ್ತು 925ರ ಮಟ್ಟಗಳು ಲೆಕ್ಕದ ಪ್ರಕಾರ ನೆಲದೊಳಗೆ! ಅದಕ್ಕೆ ಎತ್ತರ ಮಾತ್ರ ಕೊಟ್ಟು (ಆ ಗುಂಪಿನ ಮೊದಲ ಎರಡು ಅಂಕಿ ಮಟ್ಟ, ಉಳಿದ ಮೂರು ಎತ್ತರ), ಉಷ್ಣತೆ ಮತ್ತು ಗಾಳಿಯ ಜಾಗದಲ್ಲಿ ಸ್ಲ್ಯಾಶ್ ಹಾಕುತ್ತಾರೆ:

00060 ///// ///// 92744 ///// ///// 85474

ನಾನು ಸ್ಲ್ಯಾಶ್‌ಗಳನ್ನು ಕಸ ಅಂತ ಮೊದಲೇ ಗುಡಿಸಿಹಾಕಿದ್ದೆ. ಆಗ 925ರ ಎತ್ತರವಾದ 92744, 1000ದ ಉಷ್ಣತೆಯ ಜಾಗಕ್ಕೆ ಬಂದು ಮೈನಸ್ 92.7 ಡಿಗ್ರಿ ಆಯಿತು. ಮೂರನೇ ಅಂಕಿ ಬೆಸವಾದರೆ ಮೈನಸ್, ಸಮವಾದರೆ ಪ್ಲಸ್, ಅದು ಈ ಕೋಡಿನ ನಿಯಮ. ಸ್ಲ್ಯಾಶ್ ಕೂಡ ಒಂದು ಮಾಹಿತಿ, ಜಾಗ ಹಿಡಿದಿರುವ ಮಾಹಿತಿ. ಅಳಿಸಬೇಡಿ.

ಎರಡು ವಾರ ತಿಂದದ್ದು ಮಾತ್ರ ಬೇರೆ. ಒಂದು ದಿನದ ಸಂದೇಶದಲ್ಲಿ 300 ಹೆಕ್ಟೊಪಾಸ್ಕಲ್ ಹತ್ತಿರ 250 ಡಿಗ್ರಿಯಿಂದ 93 ನಾಟ್ ಗಾಳಿ ಬಂತು. ಅಂಕಿ ನೋಡಿದರೆ ಏನೂ ಅನುಮಾನ ಬರುವುದಿಲ್ಲ, ಚಳಿಗಾಲದ ದೆಹಲಿಯಾಗಿದ್ದರೆ ನಾನೂ ಒಪ್ಪಿಕೊಂಡು ಮುಂದೆ ಹೋಗುತ್ತಿದ್ದೆ. ಆದರೆ ಜುಲೈ ತಿಂಗಳ ಬೆಂಗಳೂರಿನಲ್ಲಿ ಪಶ್ಚಿಮದ ಗಾಳಿ ಕೆಳಗಡೆ ಇರುತ್ತದೆ, ಅಷ್ಟು ಮೇಲೆ ಪೂರ್ವದ್ದೇ ಬೀಸಬೇಕು ಅಲ್ವಾ? ಕೋಡ್ ಪಕ್ಕಕ್ಕಿಟ್ಟು ಸಂದೇಶವನ್ನೇ ಕಾಗದದ ಮೇಲೆ ಬರೆದುಕೊಂಡೆ:

30967 31156 25093 41759 20239 53761 15416

ಒಂದೊಂದು ಮಟ್ಟಕ್ಕೆ ಮೂರು ಗುಂಪು, ಎತ್ತರ, ಉಷ್ಣತೆ, ಗಾಳಿ, ಅಂತ ನಾನು ಓದುತ್ತಿದ್ದೆ. ಆದರೆ 25093 ಗಾಳಿಯೇ ಅಲ್ಲ. ಅದು 250ರ ಮಟ್ಟದ ಎತ್ತರ, 10,930 ಮೀಟರ್ (ಇಷ್ಟು ಮೇಲೆ ಎತ್ತರವನ್ನು ಹತ್ತು ಮೀಟರಿನ ಲೆಕ್ಕದಲ್ಲಿ ಕೊಡುತ್ತಾರೆ, ಮುಂದಿನ 1 ಬರೆಯುವುದಿಲ್ಲ). ಇಲ್ಲಿ ಮಟ್ಟಕ್ಕೆ ಎರಡೇ ಗುಂಪು, ಗಾಳಿ ಇಲ್ಲವೇ ಇಲ್ಲ! ಇದನ್ನು ಸಂದೇಶ ಶುರುವಿನಲ್ಲೇ ಹೇಳಿತ್ತು. ಕೇಂದ್ರದ ಸಂಖ್ಯೆಗೆ ಮುಂಚಿನ ಗುಂಪು 62004. 62 ಅಂದರೆ 12ನೇ ತಾರೀಖು, ಗಾಳಿ ನಾಟ್‌ನಲ್ಲಿದೆ ಅಂತ ತಿಳಿಸಲು 50 ಕೂಡಿಸಿರುತ್ತಾರೆ. 00 ಗಂಟೆ. ಕೊನೆಯ 4 ಅಂದರೆ ಗಾಳಿ 400ರ ಮಟ್ಟದವರೆಗೆ ಮಾತ್ರ. ಆ 4ನ್ನು ನಾನು ಓದೇ ಇರಲಿಲ್ಲ.

ಮತ್ತೆ ಇದು ಮೊದಲೇ ಯಾಕೆ ಸಿಕ್ಕಲಿಲ್ಲ? ಮುಂದಿನ ಮಟ್ಟ ನೋಡಿ. 41759 ಯಾವ ಮಟ್ಟಕ್ಕೂ ಹೊಂದದ್ದರಿಂದ ಪ್ರೋಗ್ರಾಮ್ ಅದನ್ನು ದಾಟಿ 20239ಕ್ಕೆ ಹೋಗಿತ್ತು. 200ರಲ್ಲಿ 15416 ಗಾಳಿಯ ಜಾಗಕ್ಕೆ ಬಂದು 416 ನಾಟ್ ಆಗಬೇಕಿತ್ತು. ಕಣ್ಣಿಗೆ ರಾಚುವ ತಪ್ಪು ಅದು. ಆದರೆ ನನ್ನ ಹಳೇ ಸಾಲು ಅದನ್ನು ಸದ್ದಿಲ್ಲದೆ ಬಿಸಾಕಿತ್ತು, ನಿಜದಂತೆ ಕಾಣುವ 93ನ್ನು ಮಾತ್ರ ಉಳಿಸಿತ್ತು. ಆ ರಾತ್ರಿಯೇ ಆ ಸಾಲು ತೆಗೆದೆ. ಈಗ ಹೊಂದದ ಸಂಖ್ಯೆ ಬಂದರೆ ಪ್ರೋಗ್ರಾಮ್ ನಿಂತು, ಯಾವ ಗುಂಪಿನಲ್ಲಿ ತೊಂದರೆ ಅಂತ ಹೇಳುತ್ತದೆ.

ಇನ್ನೊಂದನ್ನು ಹಿಡಿದವಳು ನನ್ನ ಅಕ್ಕನ ಮಗಳು. ಗ್ರಾಫ್ ನೋಡಿ, "ಮಾವ, ಬಲೂನು ಅಷ್ಟು ಮೇಲೆ ಹೋಗಿ ಮತ್ತೆ ನೆಲಕ್ಕೆ ಬಂತಾ?" ಅಂದಳು. ಗೆರೆ 100ರವರೆಗೆ ಏರಿ, ದಬಕ್ಕನೆ 999ಕ್ಕೆ ಇಳಿದಿತ್ತು. ಗುಂಪು 88ರಿಂದ ಶುರುವಾದರೆ ಅದು ಟ್ರೋಪೊಪಾಸ್, ಹವೆ ತಣ್ಣಗಾಗುತ್ತಾ ಹೋಗುವುದು ನಿಲ್ಲುವ ಜಾಗ. 88999 ಅಂದರೆ ಈ ಭಾಗದಲ್ಲಿ ಅದು ಸಿಕ್ಕಿಲ್ಲ ಅಂತ. ನಮ್ಮ ಕಡೆ ಅದು 100 ಹೆಕ್ಟೊಪಾಸ್ಕಲ್‌ಗಿಂತ ಮೇಲೆ ಹೋಗುವುದು ಉಂಟು. ಆಗ ಅದು ಸಂದೇಶದ ಟಿಟಿಸಿಸಿ ಎಂಬ ಭಾಗದಲ್ಲಿ, ಅಂದರೆ 100ರ ಮಟ್ಟಕ್ಕಿಂತ ಎತ್ತರದ ವಿವರ ಕೊಡುವ ಭಾಗದಲ್ಲಿ ಬರುತ್ತದೆ, ಅಲ್ಲಿ 88954 ಅಂದರೆ 95.4. ಅದೇ ಭಾಗದಲ್ಲಿ 70 ಅಂದರೆ 700 ಅಲ್ಲ, ಬರೀ 70. ಎತ್ತರ ಮೂರು ಕಿಲೋಮೀಟರ್ ಅಲ್ಲ, ಹದಿನೆಂಟೂವರೆಗೂ ಮೇಲೆ.

ಈಗ ನಾನು ಪ್ರತಿ ಸಂದೇಶಕ್ಕೂ ಒಂದು ಪರೀಕ್ಷೆ ಹಾಕುತ್ತೇನೆ. ಎರಡು ಮಟ್ಟಗಳ ನಡುವಿನ ಸರಾಸರಿ ಉಷ್ಣತೆ ಕೆಲ್ವಿನ್‌ನಲ್ಲಿ ತೆಗೆದುಕೊಂಡು, 29.27ರಿಂದ ಗುಣಿಸಿ, ಒತ್ತಡಗಳ ಅನುಪಾತದ ನೈಸರ್ಗಿಕ ಲಾಗ್‌ನಿಂದ ಮತ್ತೆ ಗುಣಿಸಿದರೆ ನಡುವಿನ ದಪ್ಪ ಮೀಟರಿನಲ್ಲಿ ಸಿಗುತ್ತದೆ. 500ರಿಂದ 400ಕ್ಕೆ ಸರಾಸರಿ 262 ಕೆಲ್ವಿನ್ ಇದ್ದರೆ ಸುಮಾರು 1,710 ಮೀಟರ್. ಸಂದೇಶದಲ್ಲಿ 50586, 40757 ಇದ್ದರೆ 5,860ರಿಂದ 7,570, ಸರಿಯಾಗಿ ಕೂಡುತ್ತದೆ. ಕೆಳಗಿನ ಮಟ್ಟಗಳಲ್ಲಿ ತೇವಾಂಶ ಜಾಸ್ತಿ, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಮೈನಸ್ ಬದಲು ಪ್ಲಸ್ ಓದಿದ್ದರೆ, ಗುಂಪು ಒಂದು ಜಾಗ ಸರಿದಿದ್ದರೆ, ಇಲ್ಲಿ ಗೊತ್ತಾಗಿಬಿಡುತ್ತದೆ.

ಇಳಿಸಿಟ್ಟುಕೊಂಡಿದ್ದ ಮಳೆಗಾಲದ ಸಂದೇಶಗಳನ್ನೆಲ್ಲ ಮೊದಲಿನಿಂದ ಮತ್ತೆ ಬಿಡಿಸಿದೆ. ಆ 12ನೇ ತಾರೀಖಿನ ಪಟ್ಟಿಯಲ್ಲಿ 300ರ ಸಾಲಿನ ಗಾಳಿ ಖಾನೆ ಈಗ ಖಾಲಿ ಇದೆ, 250ರ ಸಾಲು ತನ್ನ ಜಾಗಕ್ಕೆ ಬಂದು ಕೂತಿದೆ.