ಅಂಟಿದ್ದು ಬೇರೆ, ನುಂಗಿದ್ದು ಬೇರೆ

ಮಲೇರಿಯಾ ಪರಾವಲಂಬಿ ಹೊಕ್ಕ ಕೆಂಪು ರಕ್ತಕಣಗಳನ್ನು (ಆರ್‌ಬಿಸಿ) ಮಾನೊಸೈಟ್ ಅನ್ನೋ ಬಿಳಿ ರಕ್ತಕಣ ಎಷ್ಟು ನುಂಗುತ್ತೆ ಅಂತ ಅಳೆಯುವ ನನ್ನ ಫ್ಯಾಗೊಸೈಟೋಸಿಸ್ ಪ್ರಯೋಗ ಕೊನೆಗೂ ಕೈಹಿಡಿಯಿತು. ಅದನ್ನು ಉಳಿಸಿದ್ದು ಬರೀ ಡಿಸ್ಟಿಲ್ಡ್ ವಾಟರ್. "ಆರ್‌ಬಿಸಿ ಜೊತೆ ಮಾನೊಸೈಟೂ ಒಡೆದುಹೋಗುತ್ತೆ, ಸುಮ್ನೆ ಯಾಕೆ?" ಅಂತ ಲ್ಯಾಬಿನಲ್ಲಿ ಎಲ್ಲರೂ ಅಂದಿದ್ದರು. ಒಡೆಯಲಿಲ್ಲ.

ಮೊದಲ ಎಂಟು ತಿಂಗಳು ನಂಬರ್ ಚೆನ್ನಾಗಿಯೇ ಬರುತ್ತಿತ್ತು. ಆರ್‌ಬಿಸಿಯಲ್ಲಿ ಬೆಳೆಸಿದ ಮಲೇರಿಯಾ ಪರಾವಲಂಬಿ ಫಾಲ್ಸಿಪಾರಂನ 3ಡಿ7 ತಳಿ, ಅದರ ಟ್ರೋಫೋಜೊಯಿಟ್ ಅನ್ನೋ ಬೆಳೆದ ಹಂತ, ಅದರ ಡಿಎನ್‌ಎಗೆ ಬಣ್ಣ ಹಾಕೋಕೆ ಎಥಿಡಿಯಂ ಬ್ರೋಮೈಡ್, ನುಂಗೋಕೆ ಟಿಎಚ್‌ಪಿ-1 ಅನ್ನೋ ಲ್ಯಾಬಿನ ಮಾನೊಸೈಟ್. ನೂರಕ್ಕೆ ಸುಮಾರು 40 ಸೆಲ್ ನುಂಗಿವೆ ಅಂತ ಸೆಲ್ ಎಣಿಸುವ ಫ್ಲೋ ಸೈಟೋಮೀಟರ್ ತೋರಿಸುತ್ತಿತ್ತು. ಒಂದು ದಿನ ಸೈಟೋಕಲಾಸಿನ್ ಡಿ ಅನ್ನೋ ರಾಸಾಯನಿಕ ಹಾಕಿದೆ. ಅದಕ್ಕೆ ಸೆಲ್ ನುಂಗೋದು ನಿಲ್ಲಬೇಕು, ಅಲ್ವಾ? ಆಗಲೂ 35! ಜೀಮ್ಸಾ ಬಣ್ಣ ಹಾಕಿದ ಸ್ಲೈಡ್ ನೋಡಿದಾಗ ಗೊತ್ತಾಯಿತು. ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಆರ್‌ಬಿಸಿಗಳು ಸೆಲ್ಲಿನ ಹೊರಗೆ ಅಂಟಿಕೊಂಡಿದ್ದವು. ಒಳಗಿದ್ದದ್ದು ಒಂದೋ ಎರಡೋ. ಎಂಟು ತಿಂಗಳ ಡೇಟಾ ಪಕ್ಕಕ್ಕಿಟ್ಟೆ. ಅವತ್ತು ಊಟ ಸೇರಲಿಲ್ಲ.

ಈಗ ಹೀಗೆ ಮಾಡುತ್ತೇನೆ. 37 ಡಿಗ್ರಿಯಲ್ಲಿ 40 ನಿಮಿಷ ಆದ ಮೇಲೆ ಟ್ಯೂಬ್ ನೇರ ಐಸ್‌ಗೆ. ತಳಕ್ಕೆ ಕೂತ ಸೆಲ್‌ಗಳಿಗೆ (ಪೆಲೆಟ್) ತಣ್ಣನೆಯ ಡಿಸ್ಟಿಲ್ಡ್ ವಾಟರ್, ಹತ್ತು ಹನ್ನೆರಡು ಸೆಕೆಂಡು, ತಕ್ಷಣ 10ಎಕ್ಸ್ ಪಿಬಿಎಸ್, ಅಂದರೆ ಹತ್ತುಪಟ್ಟು ಗಟ್ಟಿಯಾದ ಉಪ್ಪಿನ ದ್ರಾವಣ. ಹೊರಗಿನ ಆರ್‌ಬಿಸಿ ಒಡೆಯುತ್ತೆ, ನುಂಗಿದ್ದು ಒಳಗೇ ಉಳಿಯುತ್ತೆ. ಈಗ ಬರೋದು 12ರ ಆಸುಪಾಸು, ಸೈಟೋಕಲಾಸಿನ್ ಹಾಕಿದರೆ ಎರಡೋ ಮೂರೋ. ಸಣ್ಣ ನಂಬರ್, ಆದರೆ ನಿಜವಾದ ನಂಬರ್. ಪಿಬಿಎಸ್ ಸೇರಿಸುವುದರಲ್ಲಿ ಒಂದು ಕೈಚಳಕ ಇದೆ. ಪೇಪರ್ ಬರುವ ತನಕ ಅದು ನನ್ನ ಹತ್ತಿರವೇ ಇರಲಿ.

ಆಂಟಿಬಾಡಿ ಅಂಟಿದರೆ ಮಾನೊಸೈಟ್ ಎಷ್ಟು ನುಂಗುತ್ತೆ ಅಂತ ನೋಡೋಕೆ ಸೀರಮ್ (ರಕ್ತದ ತಿಳಿ ದ್ರವ) ಹಾಕುವವರಿಗೆ ಒಂದು ಮಾತು. ಓ ಗುಂಪಿನ ರಕ್ತ ಸಿಗದೆ ಒಮ್ಮೆ ಬಿ ಪಾಸಿಟಿವ್‌ನಲ್ಲಿ ಕಲ್ಚರ್ ಓಡಿಸಿದೆ. ಸೀರಮ್ ಮಂಗಳೂರು ಕಡೆಯದು, ಪದೇ ಪದೇ ಮಲೇರಿಯಾ ಬಂದವರದ್ದು, ಆದರೆ ಓ ಗುಂಪು. ಅದರಲ್ಲಿದ್ದ ಆಂಟಿ-ಬಿ, ಅಂದರೆ ಬಿ ಗುಂಪಿನ ವಿರುದ್ಧದ ಆಂಟಿಬಾಡಿ, ಎಲ್ಲ ಆರ್‌ಬಿಸಿಗೂ ಅಂಟಿತು. ಪರಾವಲಂಬಿ ಇಲ್ಲದವನ್ನೂ ಮಾನೊಸೈಟ್ ನುಂಗಿದವು. ಮೂರು ವಾರದ ಕೆಲಸ ಹೋಯಿತು. ಸೆಲ್ ಬೆಳೆಸುವ ಎಫ್‌ಬಿಎಸ್, ಪರಾವಲಂಬಿ ಬೆಳೆಸುವ ಆಲ್ಬುಮ್ಯಾಕ್ಸ್, ಪರಾವಲಂಬಿ ಇರುವ ಆರ್‌ಬಿಸಿ ಬೇರ್ಪಡಿಸುವ ಮ್ಯಾಗ್ನೆಟ್ ಕಾಲಂ ಎಲ್ಲ ಸೇರಿ 60 ಸಾವಿರದ ಹತ್ತಿರ ಖರ್ಚು. ಆಮೇಲಿಂದ ಓ ಇಲ್ಲದಿದ್ದರೆ ಪ್ರಯೋಗವನ್ನೇ ಮುಂದೂಡುತ್ತೇನೆ.

ಕಾಲಂ ಜಾಸ್ತಿ ದುಬಾರಿ ಅನ್ನಿಸಿದರೆ, ಸಾಂದ್ರತೆ ಮೇಲೆ ಕಣ ಬೇರ್ಪಡಿಸುವ ಪರ್ಕಾಲ್ ದ್ರವ ಸಾಕು. ಸ್ವಲ್ಪ ನಷ್ಟ ಆಗುತ್ತೆ, ಅಷ್ಟೇ.

ಸುಮ್ನೆ ಕುತೂಹಲಕ್ಕೆ ಇನ್ನೊಂದು ಮಾಡಿದೆ. ನನ್ನದೇ ರಕ್ತದ ಮಾನೊಸೈಟ್‌ಗೆ ಪರಾವಲಂಬಿ ತಿನ್ನಿಸಿ, ಮೈಕ್ರೋಸ್ಕೋಪಿನ ಕೆಳಗೊಂದು ಮೇಲೊಂದು ಪೋಲರೈಸರ್ ಹಾಳೆ (ಬೆಳಕನ್ನು ಒಂದೇ ದಿಕ್ಕಿಗೆ ಸೋಸುವಂಥದ್ದು) ಇಟ್ಟು ತಿರುಗಿಸಿದೆ. ಸುತ್ತ ಕತ್ತಲಾಯಿತು. ಸೆಲ್ಲಿನ ಒಳಗೆ ಹೀಮೋಜೋಯಿನ್ (ಪರಾವಲಂಬಿ ಹಿಮೋಗ್ಲೋಬಿನ್ ತಿಂದು ಉಳಿಸುವ ಹರಳು) ಚುಕ್ಕೆಗಳು ಮಾತ್ರ ಫಳಫಳ ಹೊಳೆದವು. ಮೂರನೇ ದಿನವೂ ಹೊಳಪು ಹಾಗೇ ಇತ್ತು. ಈ ಸಲ ಏಳನೇ ದಿನದ ತನಕ ಇಡುತ್ತಿದ್ದೇನೆ.