ಹೋಟೆಲಿನ ಬಾಗಿಲಿಗೆ ನಾಯಿ ಬಂದರೆ: ಅಮೆರಿಕಕ್ಕೆ ಹೊರಟ ನಮ್ಮ ಕಡೆಯವರಿಗೆ

ಪ್ರತಿ ವರ್ಷ ಡಿಸೆಂಬರಿನಲ್ಲಿ ನಾನು ನ್ಯೂಜೆರ್ಸಿಯಿಂದ ಮೈಸೂರಿಗೆ ಬರುತ್ತೇನೆ. ಸರಸ್ವತಿಪುರಂನಲ್ಲಿ ಅಣ್ಣನ ಮನೆಯಲ್ಲಿ ಎರಡು ತಿಂಗಳು ಇರುತ್ತೇನೆ. ಬಂದ ವಾರದೊಳಗೇ ಅಕ್ಕಪಕ್ಕದವರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. "ಇವನಿಗೆ ವೀಸಾ ಆಯ್ತು, ಒಂದೆರಡು ಮಾತು ಹೇಳಮ್ಮ" ಅನ್ನುತ್ತಾರೆ. ಬ್ಯಾಂಕ್ ಖಾತೆ, ಸೋಷಿಯಲ್ ಸೆಕ್ಯುರಿಟಿ ನಂಬರ್, ಡ್ರೈವಿಂಗ್ ಲೈಸೆನ್ಸ್ ಎಲ್ಲ ಹೋದ ಮೇಲೆ ಒಂದೊಂದಾಗಿ ಆಗುತ್ತವೆ. ಕಾಗದಪತ್ರ ಜೋಪಾನವಾಗಿ ಇಟ್ಟುಕೊಳ್ಳಿ, ಸಾಕು.

ಈ ಸಲ ಮಂಡ್ಯದಿಂದ ಒಂದು ಗಂಡ ಹೆಂಡತಿ ಬಂದಿದ್ದರು. ಗ್ರೀನ್ ಕಾರ್ಡ್ ಸಿಕ್ಕಿದೆ. ಅಲ್ಲಿ ಆ ಹುಡುಗಿಯ ಅಕ್ಕನ ಟಿಫನ್ ಹೋಟೆಲಿದೆ, ಅದರ ಕೌಂಟರ್ ನೋಡಿಕೊಳ್ಳಲು ಹೊರಟಿದ್ದಾರೆ. ಕಾಫಿ ಕುಡಿಯುತ್ತಾ ಹುಡುಗ ಕೇಳಿದ: "ಆಂಟಿ, ಅಲ್ಲಿ ಹೋಟ್ಲಿಗೆಲ್ಲ ನಾಯಿ ಕರ್ಕೊಂಡು ಬರ್ತಾರಂತೆ. ನಾವು ಬ್ಯಾಡ ಅಂದ್ರೆ ತಪ್ಪಾ?"

"ಸಾಕುನಾಯಿ ಆದರೆ ಬೇಡ ಅನ್ನಬಹುದು, ಸರ್ವಿಸ್ ಡಾಗ್, ಅಂದರೆ ಅಂಗವಿಕಲರಿಗೆ ನೆರವಾಗಲು ಕೆಲಸ ಕಲಿತ ನಾಯಿ ಆದರೆ ಅನ್ನೋ ಹಾಗಿಲ್ಲ ಕಣಪ್ಪ" ಅಂದೆ. ಅವನು ತಲೆಯಾಡಿಸಿದ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇದೇ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಅವನಿಗೆ ಹೇಳಲೇ ಇಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಾನೂ ನಮ್ಮವರೂ ನ್ಯೂಜೆರ್ಸಿಯಲ್ಲಿ ಎಂಟು ಟೇಬಲ್ಲಿನ ಒಂದು ಸಣ್ಣ ಹೋಟೆಲು ನಡೆಸುತ್ತಿದ್ದೆವು. ಇಡ್ಲಿ, ದೋಸೆ, ಬಿಸಿಬೇಳೆಬಾತ್, ಭಾನುವಾರ ಮುದ್ದೆ ಬಸ್ಸಾರು. ಬಾಗಿಲಿಗೆ "ನಾಯಿಗಳಿಗೆ ಪ್ರವೇಶವಿಲ್ಲ" ಅಂತ ಇಂಗ್ಲಿಷಿನಲ್ಲಿ ಒಂದು ಬೋರ್ಡು ಅಂಟಿಸಿದ್ದೆ. 2013ರ ಫೆಬ್ರವರಿ. ಹೊರಗೆ ಹಿಮ ಬೀಳುತ್ತಿತ್ತು. ಐವತ್ತರ ಆಸುಪಾಸಿನ ಒಬ್ಬರು ಒಳಗೆ ಬಂದರು. ಜೊತೆಗೆ ಹತ್ತು ವರ್ಷದ ಮಗ, ಒಂದು ಕಪ್ಪು ಲ್ಯಾಬ್ರಡಾರ್. ನಾಯಿಯ ಮೈಮೇಲೆ ಅಂಗಿ, ಪಟ್ಟಿ, ಬಿಲ್ಲೆ ಏನೂ ಇರಲಿಲ್ಲ. ಅವರ ಕಣ್ಣು ಸರಿಯಾಗಿತ್ತು, ಕೈಕಾಲು ಸರಿಯಾಗಿತ್ತು.

ನಾನು ಕೌಂಟರಿನಿಂದ ಎದ್ದು ಹೋಗಿ ಅಡ್ಡ ನಿಂತೆ. ನಾಯಿಯನ್ನು ಹೊರಗೆ ಕಟ್ಟಿ ಬನ್ನಿ ಅಂದೆ. ಅವರು ಇದು ಸರ್ವಿಸ್ ಡಾಗ್ ಅಂದರು. "ನಿಮಗೆ ಕಣ್ಣು ಕಾಣುತ್ತಲ್ಲ, ನಿಮಗೇನು ಕಾಯಿಲೆ?" ಅಂತ ಕೇಳಿದೆ. ಎಲ್ಲರೂ ತಿನ್ನುತ್ತಾ ಕೂತಿದ್ದ ಹೋಟೆಲಿನಲ್ಲಿ, ಮಗನ ಎದುರಿಗೆ ಕೇಳಿದೆ. ಅವರು ಸಮಾಧಾನವಾಗಿಯೇ ಹೇಳಿದರು: ರಕ್ತದಲ್ಲಿ ಸಕ್ಕರೆ ತೀರಾ ಇಳಿದಾಗ ಇವನು ನನಗೆ ಎಚ್ಚರಿಸುತ್ತಾನೆ ಅಂತ. ನಾನು ನಂಬಲಿಲ್ಲ. ಕಾರ್ಡು ತೋರಿಸಿ ಅಂದೆ. ನಮ್ಮ ಗಿರಾಕಿಗಳು ಹೆದರುತ್ತಾರೆ ಅಂದೆ. ಅಷ್ಟರಲ್ಲಿ ಆ ಹುಡುಗ ಅಪ್ಪನ ತೋಳು ಹಿಡಿದು "ಹೋಗೋಣ" ಅಂದ. ಮೂವರೂ ಹಿಮದಲ್ಲಿ ನಡೆದುಕೊಂಡು ಹೋದರು. ನಾನು ಬಾಗಿಲು ಮುಚ್ಚಿ ದೋಸೆ ಆರ್ಡರ್ ತೆಗೆದುಕೊಳ್ಳಲು ಹೋದೆ.

ವಾರದ ನಂತರ, ನಮ್ಮಲ್ಲಿಗೆ ಕಾಫಿಗೆ ಬರುತ್ತಿದ್ದ ನಿವೃತ್ತ ನರ್ಸ್ ಒಬ್ಬರು ನನ್ನನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. ಅವತ್ತು ಅವರೂ ಅಲ್ಲೇ ಕೂತಿದ್ದರಂತೆ. ನಾನು ಆಡಿದ ಒಂದೊಂದು ಮಾತೂ ಕಾನೂನಿಗೆ ವಿರುದ್ಧವಾಗಿತ್ತು.

ನೀವು ತಿಳಿದಿರಬೇಕಾದ ಕಾನೂನಿನ ಹೆಸರು ಅಮೆರಿಕನ್ಸ್ ವಿತ್ ಡಿಸಬಿಲಿಟೀಸ್ ಆಕ್ಟ್. ಎಲ್ಲರೂ ಎಡಿಎ ಅನ್ನುತ್ತಾರೆ. 1990ರ ಜುಲೈ 26ರಂದು ಹಿರಿಯ ಜಾರ್ಜ್ ಬುಷ್ ಅದಕ್ಕೆ ಸಹಿ ಹಾಕಿದರು. ಹೋಟೆಲು, ದಿನಸಿ ಅಂಗಡಿ, ಲಾಡ್ಜು, ಸಿನಿಮಾ, ಕ್ಷೌರದಂಗಡಿ, ಡಾಕ್ಟರ ಕ್ಲಿನಿಕ್, ಹೀಗೆ ಜನರಿಗೆ ಬಾಗಿಲು ತೆರೆದಿರುವ ವ್ಯಾಪಾರಗಳೆಲ್ಲ ಅದರಡಿ ಬರುತ್ತವೆ. ಅಂಗವಿಕಲತೆ ಇರುವವರಿಗಾಗಿ ಒಂದು ನಿರ್ದಿಷ್ಟ ಕೆಲಸ ಕಲಿತ ನಾಯಿಗೆ ಸರ್ವಿಸ್ ಡಾಗ್ ಅನ್ನುತ್ತಾರೆ. ಕಣ್ಣು ಕಾಣದವರಿಗೆ ದಾರಿ ತೋರುವುದು, ಕಿವಿ ಕೇಳದವರಿಗೆ ಸದ್ದು ತಿಳಿಸುವುದು, ವೀಲ್‌ಚೇರ್ ಎಳೆಯುವುದು, ಮೂರ್ಛೆ ಬಂದಾಗ ಕಾಯುವುದು, ಮಾತ್ರೆ ನೆನಪಿಸುವುದು. 2011ರ ಮಾರ್ಚ್ 15ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ನಾಯಿ ಮಾತ್ರ ಸರ್ವಿಸ್ ಪ್ರಾಣಿ. ಪುಟ್ಟ ಜಾತಿಯ ಕುದುರೆಗೆ ಬೇರೆಯೇ ಒಂದು ನಿಯಮವಿದೆ. ಬೆಕ್ಕು, ಗಿಳಿ ಯಾವುದೂ ಇಲ್ಲ.

ನೋಡಿದರೆ ಗೊತ್ತಾಗದಿದ್ದಾಗ ನೀವು ಎರಡೇ ಪ್ರಶ್ನೆ ಕೇಳಬಹುದು. ಅಂಗವಿಕಲತೆಯ ಕಾರಣಕ್ಕೆ ಬೇಕಾದ ಸರ್ವಿಸ್ ಡಾಗಾ ಇದು? ಇದಕ್ಕೆ ಯಾವ ಕೆಲಸ ಕಲಿಸಿದ್ದೀರಿ? ಅಷ್ಟೇ. ಕಾಯಿಲೆ ಏನು ಅಂತ ಕೇಳುವ ಹಾಗಿಲ್ಲ. ಕಾಗದ ಕೇಳುವ ಹಾಗಿಲ್ಲ. ಆ ಕೆಲಸ ಮಾಡಿಸಿ ತೋರಿಸಿ ಅನ್ನುವ ಹಾಗಿಲ್ಲ. ಸರ್ವಿಸ್ ಡಾಗ್‌ಗೆ ಅಂಗಿಯಾಗಲಿ, ಗುರುತಿನ ಚೀಟಿಯಾಗಲಿ, ನೋಂದಣಿಯಾಗಲಿ ಬೇಕು ಅಂತ ಕಾನೂನು ಹೇಳುವುದೇ ಇಲ್ಲ. ನನಗೆ ಅಥವಾ ಗಿರಾಕಿಗಳಿಗೆ ನಾಯಿ ಭಯ ಅನ್ನುವುದು ಕಾರಣವಾಗುವುದಿಲ್ಲ. ಅಲರ್ಜಿಯೂ ಕಾರಣವಲ್ಲ, ಇಬ್ಬರನ್ನೂ ದೂರ ದೂರ ಕೂರಿಸಬೇಕು. ಊಟದ ಜಾಗಕ್ಕೆ ನಾಯಿ ಬಿಡಬಾರದು ಅಂತ ಊರಿನ ಆರೋಗ್ಯ ಇಲಾಖೆಯ ನಿಯಮ ಇದ್ದರೂ ಸರ್ವಿಸ್ ಡಾಗ್ ಬರಬಹುದು. ಬಫೆ ಸಾಲಿನಲ್ಲೂ ಅದು ಜೊತೆಗೇ ನಡೆಯಬಹುದು.

ಸರ್ಕಾರ ಕೋರ್ಟಿಗೆ ಹೋದರೆ ಮೊದಲ ತಪ್ಪಿಗೇ 75,000 ಡಾಲರ್‌ವರೆಗೆ ದಂಡ ಹಾಕಬಹುದು ಅಂತ 2014ರಲ್ಲಿ ಆಯಿತು. ಆಮೇಲೆ ಅದು ಇನ್ನೂ ಏರಿದೆ. ಆ ಮನುಷ್ಯ ದೂರು ಕೊಡಲಿಲ್ಲ. ಕೊಟ್ಟಿದ್ದರೆ ನಮ್ಮ ಹೋಟೆಲು ಉಳಿಯುತ್ತಿರಲಿಲ್ಲ. ಆದರೆ ದಂಡದ ಮಾತು ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಹುಡುಗನ ಮುಖ. ತನ್ನ ಅಪ್ಪನಿಗೆ ಕಾಯಿಲೆ ಇದೆ ಅಂತ ಅಷ್ಟು ಜನರ ಮುಂದೆ ಹೇಳಿಸಿದವಳು ನಾನು.

ಯಾಕೆ ಹಾಗೆ ಮಾಡಿದೆ? ನೀವೂ ನಮ್ಮ ಕಡೆಯವರೇ, ನಿಮಗೆ ಅರ್ಥವಾಗುತ್ತದೆ. ಪಾಂಡವಪುರದ ಹತ್ತಿರ ನಮ್ಮೂರು. ನನಗೆ ಏಳು ವರ್ಷ ಇದ್ದಾಗ ಚಿಕ್ಕಪ್ಪನ ಮಗನಿಗೆ ಹುಚ್ಚುನಾಯಿ ಕಚ್ಚಿತು. ಆಗ ಹೊಕ್ಕುಳ ಸುತ್ತ 14 ಇಂಜೆಕ್ಷನ್. ದಿನಾ ಬೆಳಗ್ಗೆ ಚಿಕ್ಕಪ್ಪ ಅವನನ್ನು ಬಸ್ಸಿನಲ್ಲಿ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಸಂಜೆ ಅವನು ಹೊಟ್ಟೆ ಹಿಡಿದುಕೊಂಡು ಜಗಲಿಯ ಮೇಲೆ ಮುದುರಿ ಮಲಗಿರುತ್ತಿದ್ದ. ಅದನ್ನು ಕಂಡವರಿಗೆ ನಾಯಿ ಹತ್ತಿರ ಬಂದರೆ ಮೈ ನಡುಗುತ್ತದೆ, ಅಲ್ವಾ?

ಹಾಗಂತ ನಾಯಿ ನಮಗೆ ಬೇಡವಾಗಿರಲಿಲ್ಲ. ಆಲೆಮನೆ ಕಾಯಲು ಕರಿಯ ಇದ್ದ. ಊಟದ ಕೊನೆಗೆ ಅಮ್ಮ ಅವನಿಗೆಂದೇ ಒಂದು ತುತ್ತು ಮುದ್ದೆ ಎತ್ತಿಡುತ್ತಿದ್ದಳು. ಆದರೆ ಅವನು ಹೊಸ್ತಿಲು ದಾಟಿದರೆ ಪೊರಕೆ ಏಟು. ನಾಯಿಗೆ ಅನ್ನ ಹಾಕಬೇಕು, ಒಳಗೆ ಬಿಡಬಾರದು. ಈ ಎರಡನ್ನೂ ನಾವು ಒಟ್ಟಿಗೇ ಕಲಿತವರು. ಈಗಲೂ ಮೈಸೂರಿನ ಹೋಟೆಲುಗಳ ಮುಂದೆ ನೋಡಿ. ನಾಯಿ ಮೆಟ್ಟಿಲ ಹತ್ತಿರ ಮಲಗಿರುತ್ತದೆ. ಯಾರೂ ಓಡಿಸುವುದಿಲ್ಲ, ಯಾರೂ ಒಳಗೆ ಕರೆಯುವುದೂ ಇಲ್ಲ. ಯಾರಾದರೂ ಅರ್ಧ ಇಡ್ಲಿ ಹಾಕಿ ಹೋಗುತ್ತಾರೆ. ಅಲ್ಲಿ ಹಾಗಲ್ಲ. ಅಲ್ಲಿ ನಾಯಿಯನ್ನು ಹೊಸ್ತಿಲಲ್ಲಿ ನಿಲ್ಲಿಸಿದರೆ ಒಬ್ಬ ಮನುಷ್ಯನನ್ನೇ ನಿಲ್ಲಿಸಿದ ಹಾಗೆ. ನನಗೆ ಇದು ತಲೆಗೆ ಹತ್ತಲು ಬಹಳ ದಿನ ಹಿಡಿಯಿತು.

ಆಮೇಲೆ ನಾನು ಇನ್ನೊಂದು ತಪ್ಪು ಮಾಡಿದೆ. ಇದನ್ನೂ ಕೇಳಿಸಿಕೊಳ್ಳಿ. ಮೊದಲ ತಪ್ಪಿನ ಭಯಕ್ಕೆ ಬಾಯಿ ಮುಚ್ಚಿಕೊಂಡೆ. ಯಾರು ಯಾವ ನಾಯಿ ತಂದರೂ ಸುಮ್ನೆ ಇರುತ್ತಿದ್ದೆ. ಒಂದು ದಿನ ಒಬ್ಬ ಹೆಂಗಸು ಪುಟ್ಟ ನಾಯಿಯನ್ನು ಕುರ್ಚಿಯ ಮೇಲೆ ಕೂರಿಸಿ, ತನ್ನ ತಟ್ಟೆಯಿಂದಲೇ ತಿನ್ನಿಸಿದಳು. ಅದು ಪಕ್ಕದ ಟೇಬಲ್ಲಿನ ಮಗುವಿನ ಮೇಲೆ ಬೊಗಳುತ್ತಲೇ ಇತ್ತು. ಮಗು ಅತ್ತು ಅತ್ತು ಕೆಂಪಾಯಿತು. ಆ ಮನೆಯವರು ಅರ್ಧ ಊಟಕ್ಕೇ ಎದ್ದು ಹೋದರು. ನಾನು ಕೌಂಟರಿನ ಹಿಂದೆ ನಿಂತು ನೋಡುತ್ತಿದ್ದೆ.

ಕಾನೂನು ನಮ್ಮನ್ನು ಅಷ್ಟು ಕೈಕಟ್ಟಿ ಕೂರಿಸಿಲ್ಲ. ನಿಜವಾದ ಸರ್ವಿಸ್ ಡಾಗ್ ಆದರೂ ಅದು ಹತೋಟಿ ಮೀರಿ ವರ್ತಿಸಿ, ಕರೆತಂದವರು ತಡೆಯದಿದ್ದರೆ ನಾಯಿಯನ್ನು ಹೊರಗೆ ಕರೆದುಕೊಂಡು ಹೋಗಿ ಅನ್ನಬಹುದು. ಒಳಗೆ ಗಲೀಜು ಮಾಡುವ ಅಭ್ಯಾಸದ್ದಾದರೂ ಅನ್ನಬಹುದು. ಆದರೆ ನಾಯಿ ಹೊರಗೆ ಹೋದ ಮೇಲೆ ಆ ಮನುಷ್ಯ ಒಳಗೆ ಬಂದು ಊಟ ಮಾಡಲು ಅವಕಾಶ ಕೊಡಲೇಬೇಕು. ಕುರ್ಚಿಯ ಮೇಲೆ ಕೂರಿಸುವುದಕ್ಕೆ, ಟೇಬಲ್ಲಿನಲ್ಲಿ ತಿನ್ನಿಸುವುದಕ್ಕೆ ನೀವು ಒಪ್ಪಬೇಕಾಗಿಲ್ಲ. ಜೊತೆಗಿದ್ದರೆ ಮನಸ್ಸಿಗೆ ಹಿತ ಅಂತ ಇಟ್ಟುಕೊಂಡ ನಾಯಿಗೆ ಎಮೋಷನಲ್ ಸಪೋರ್ಟ್ ಅನಿಮಲ್ ಅನ್ನುತ್ತಾರೆ. ಎಡಿಎ ಪ್ರಕಾರ ಅದು ಸರ್ವಿಸ್ ಡಾಗ್ ಅಲ್ಲ. ಆದರೆ ಗಾಬರಿಯ ಹೊತ್ತು ಬರುವುದನ್ನು ಗುರುತಿಸಿ ಅದನ್ನು ತಡೆಯಲು ಏನಾದರೂ ಮಾಡುವಂತೆ ಕಲಿಸಿದ್ದರೆ ಆಗ ಅದು ಸರ್ವಿಸ್ ಡಾಗೇ. ಅದಕ್ಕೇ ಎರಡನೆಯ ಪ್ರಶ್ನೆ ಮುಖ್ಯ. ಮೆಲುದನಿಯಲ್ಲಿ, ಹತ್ತಿರ ಹೋಗಿ, ಬೇರೆಯವರಿಗೆ ಕೇಳದ ಹಾಗೆ ಕೇಳಿ.

ಇಂಟರ್ನೆಟ್ಟಿನಲ್ಲಿ ದುಡ್ಡು ಕೊಟ್ಟರೆ ಕಾರ್ಡು, ಅಂಗಿ ಎಲ್ಲ ಕಳಿಸುತ್ತಾರೆ. ಅದಕ್ಕೆ ಬೆಲೆಯಿಲ್ಲ. ಸುಳ್ಳು ಹೇಳಿ ಸಾಕುನಾಯಿಯನ್ನು ಒಳಗೆ ತರುವುದು ಕ್ಯಾಲಿಫೋರ್ನಿಯಾ, ಫ್ಲೋರಿಡಾ ಮುಂತಾದ ರಾಜ್ಯಗಳಲ್ಲಿ ಅಪರಾಧ. ನಮ್ಮವರೂ ಕೆಲವರು ನಾಯಿ ಸಾಕಿದ ಮೇಲೆ ಹೀಗೆ ಮಾಡಿದ್ದನ್ನು ನೋಡಿದ್ದೇನೆ. ನನಗೆ ಬಹಳ ಸಿಟ್ಟು ಬರುತ್ತದೆ. ಅವರ ಸುಳ್ಳಿನಿಂದಲೇ ಅಂಗಡಿಯವರು ನಿಜವಾದವರನ್ನೂ ನಂಬದೆ ಹೋಗುತ್ತಾರೆ.

ಲಾಡ್ಜಿನಲ್ಲಿ ಕೆಲಸ ಸಿಕ್ಕರೆ ಸರ್ವಿಸ್ ಡಾಗ್‌ಗೆ ಜಾಸ್ತಿ ದುಡ್ಡು ಕೇಳಬೇಡಿ. ಏನಾದರೂ ಹಾಳಾದರೆ ಬೇರೆಯವರಿಂದ ವಸೂಲು ಮಾಡುವ ಹಾಗೆ ವಸೂಲು ಮಾಡಬಹುದು. ಟ್ಯಾಕ್ಸಿ ಓಡಿಸಿದರೆ ಹತ್ತಿಸಿಕೊಳ್ಳಲೇಬೇಕು. ಬಾಡಿಗೆ ಮನೆಗೆ ಬೇರೆ ಕಾನೂನು, ಅಲ್ಲಿ ಮನಸ್ಸಿನ ಹಿತದ ನಾಯಿಗೂ ಹಕ್ಕಿದೆ. ವಿಮಾನಕ್ಕೆ ಮತ್ತೊಂದು, 2021ರ ಜನವರಿಯಿಂದ ಅಂಥ ನಾಯಿಯನ್ನು ವಿಮಾನದವರು ಒಪ್ಪಲೇಬೇಕೆಂದಿಲ್ಲ. ಕೆಲವು ರಾಜ್ಯಗಳಲ್ಲಿ ಇನ್ನೂ ಕಲಿಯುತ್ತಿರುವ ನಾಯಿಗೂ ಪ್ರವೇಶವಿದೆ, ನಮ್ಮ ನ್ಯೂಜೆರ್ಸಿಯೂ ಅದರಲ್ಲೊಂದು. ಅಲ್ಲಿನ ಮಾರಿಸ್‌ಟೌನ್‌ನಲ್ಲಿ, ಕಣ್ಣು ಕಾಣದವರಿಗೆ ದಾರಿ ತೋರುವ ನಾಯಿಗಳನ್ನು ತಯಾರು ಮಾಡುವ ಸೀಯಿಂಗ್ ಐ ಅನ್ನುವ ಸಂಸ್ಥೆ ಇದೆ. 1929ರಲ್ಲಿ ಶುರುವಾದದ್ದು. ಆ ಊರಿನ ಫುಟ್‌ಪಾತಿನಲ್ಲಿ ಅವರು ನಾಯಿಗಳಿಗೆ ರಸ್ತೆ ದಾಟಿಸುವುದನ್ನು ಕಲಿಸುತ್ತಿರುತ್ತಾರೆ. ನಾನು ಎಷ್ಟೋ ಸಲ ಕಾರು ನಿಲ್ಲಿಸಿ ನೋಡಿದ್ದೇನೆ. ಭಯ ಕಮ್ಮಿಯಾದದ್ದು ಹಾಗೆ ದೂರ ನಿಂತು ನೋಡುತ್ತಾ ನೋಡುತ್ತಾ.

ಅನುಮಾನವಿದ್ದರೆ ನ್ಯಾಯ ಇಲಾಖೆಯವರ ಎಡಿಎ ಸಹಾಯವಾಣಿ ಇದೆ, 800-514-0301. ವ್ಯಾಪಾರದವರೂ ಫೋನ್ ಮಾಡಿ ಕೇಳಬಹುದು.

ದೇವಸ್ಥಾನದ ಮಾತು ಯಾರಾದರೂ ಎತ್ತೇ ಎತ್ತುತ್ತಾರೆ. ಧಾರ್ಮಿಕ ಸಂಸ್ಥೆಗಳಿಗೆ ಎಡಿಎಯ ಈ ಭಾಗ ಅನ್ವಯಿಸುವುದಿಲ್ಲ, ಅವರೇ ತೀರ್ಮಾನಿಸಿಕೊಳ್ಳಬಹುದು. ನಾವು ಹೋಗುವ ದೇವಸ್ಥಾನದಲ್ಲೂ ಒಮ್ಮೆ ಈ ಪ್ರಶ್ನೆ ಬಂತು. ಕಣ್ಣು ಕಾಣದ ಭಕ್ತರೊಬ್ಬರು ನಾಯಿಯ ಜೊತೆ ಬಂದಿದ್ದರು. ಬಹಳ ಹೊತ್ತು ವಾದ ಆಯಿತು. ನನಗೆ ಆಗ ಅಮ್ಮನ ನೆನಪು ಬಂತು. ಅವಳು ಅಮಾವಾಸ್ಯೆಗೆ ಆದಿಚುಂಚನಗಿರಿಗೆ ಹೋಗುತ್ತಿದ್ದಳು. ಅಲ್ಲಿನ ದೇವರು ಕಾಲಭೈರವ, ಅವನ ವಾಹನವೇ ನಾಯಿ. ಅದನ್ನೇ ಎದ್ದು ನಿಂತು ಹೇಳಿದೆ. ಅವರು ನಾಯಿಯ ಜೊತೆಯಲ್ಲೇ ಸಭಾಂಗಣದಲ್ಲಿ ಕೂರಲಿ, ಮಂಗಳಾರತಿ ಅವರಿರುವಲ್ಲಿಗೇ ಹೋಗಲಿ ಅಂತ ಕೊನೆಗೆ ಒಪ್ಪಿದರು. ಆ ನಾಯಿ ಗಂಟೆ ಸದ್ದಿಗೂ ಕದಲಲಿಲ್ಲ.

ಮಕ್ಕಳ ವಿಷಯ ಒಂದು ಹೇಳಬೇಕು. ಅಲ್ಲಿ ಬೆಳೆಯುವ ಮಕ್ಕಳಿಗೆ ನಮ್ಮ ಭಯ ಬರುವುದಿಲ್ಲ. ನನ್ನ ಮಗಳು ಒಂಬತ್ತು ವರ್ಷದವಳಿದ್ದಾಗ ಅಂಗಡಿಯಲ್ಲಿ ನನ್ನ ಕೈ ಹಿಡಿದೆಳೆದು, "ಅಮ್ಮ, ಅದನ್ನ ಹಾಗೆ ನೋಡಬೇಡ, ಅದು ಕೆಲಸದಲ್ಲಿದೆ" ಅಂದಳು. ಕೆಲಸದಲ್ಲಿರುವ ನಾಯಿಯನ್ನು ಮುಟ್ಟಬಾರದು, ಕರೆಯಬಾರದು, ತಿನ್ನಲು ಕೊಡಬಾರದು ಅಂತ ಶಾಲೆಯಲ್ಲೇ ಕಲಿತಿದ್ದಳು. ಅದೇ ಮಗಳು ಮೈಸೂರಿಗೆ ಬಂದಾಗ ಬೀದಿಯ ನಾಯಿಯನ್ನು ತಬ್ಬಿಕೊಳ್ಳಲು ಓಡಿದಳು. ನನ್ನ ಎದೆ ಧಸಕ್ಕೆಂದಿತು. ಊರಿಗೆ ಬರುವ ಮುಂಚೆ ಮಕ್ಕಳಿಗೆ ತಿಳಿಸಿ ಹೇಳಿ. ಕಚ್ಚಿದರೆ, ಪರಚಿದರೂ ಅಷ್ಟೇ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅವತ್ತೇ ಆಸ್ಪತ್ರೆಗೆ ಹೋಗಿ. ಈಗ ಹೊಕ್ಕುಳ ಸುತ್ತ ಚುಚ್ಚುವುದಿಲ್ಲ. ಆದರೆ ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವುದು ಈಗಲೂ ಹೆಚ್ಚುಕಡಿಮೆ ಆಗುವುದೇ ಇಲ್ಲ.

ಅವತ್ತು ಅವಳು ಕೇಳಿದಳು: "ಇದು ಯಾರ ನಾಯಿ?" "ಈ ಬೀದಿದು" ಅಂದೆ. "ಬೀದಿದು ಅಂದ್ರೆ ಯಾರದು?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅವಳು ಬೆಳೆದ ಊರಿನಲ್ಲಿ ಪ್ರತಿ ನಾಯಿಗೂ ಒಬ್ಬ ಯಜಮಾನ, ಒಂದು ಹಗ್ಗ, ಒಂದು ಬಿಲ್ಲೆ. ಅಂಗಡಿಗೆ ಬರುವ ನಾಯಿಗೂ ಹಕ್ಕಿದೆ. ಆದರೆ ಎಲ್ಲರ ಮನೆಯ ತುತ್ತು ತಿಂದು ಎಲ್ಲರ ಬಾಗಿಲು ಕಾಯುವ ಕರಿಯನಂಥವನು ಅಲ್ಲಿಲ್ಲ. ಅಮ್ಮ ಎತ್ತಿಡುತ್ತಿದ್ದ ಆ ಕೊನೆಯ ತುತ್ತನ್ನು ನಾನು ಅಲ್ಲಿ ಯಾರಿಗೂ ಎತ್ತಿಟ್ಟಿಲ್ಲ. ಮಗಳಿಗೆ ಅದನ್ನು ಹೇಗೆ ಕಲಿಸಬೇಕೋ ನನಗೆ ಗೊತ್ತಾಗಲಿಲ್ಲ.

ಆ ಮಂಡ್ಯದ ಹುಡುಗ ಹೊರಡುವ ಮುಂಚೆ ಇನ್ನೊಮ್ಮೆ ಬರುತ್ತಾನಂತೆ. ಎರಡು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟಿದ್ದೇನೆ, ಕೌಂಟರಿನ ಒಳಬದಿಗೆ ಅಂಟಿಸಿಕೊ ಅಂತ ಹೇಳಬೇಕು. ಬೋರ್ಡು ಹಾಕುವುದಾದರೆ ನಾವು ಆಮೇಲೆ ಹಾಕಿದಂಥದ್ದು ಹಾಕಲಿ: "ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ, ಸರ್ವಿಸ್ ಡಾಗ್‌ಗಳಿಗೆ ಸ್ವಾಗತ." ಹಳೆಯ ಬೋರ್ಡನ್ನು ನಾನೇ ಕಿತ್ತು ಹಾಕಿದ್ದೆ. ಬಾಗಿಲ ಪಕ್ಕದ ಗೋಡೆಬದಿಯ ಟೇಬಲ್ಲಿನಲ್ಲಿ ನಾಯಿ ಕಾಲ ಬಳಿ ಮಲಗಲು ಜಾಗ ಆಗುವ ಹಾಗೆ ಒಂದು ಕುರ್ಚಿ ತೆಗೆಸಿದ್ದೆ. ಹೋಟೆಲನ್ನು 2019ರಲ್ಲಿ ಮಾರಿದೆವು. ಅಲ್ಲಿಯವರೆಗೆ ಆ ಟೇಬಲ್ಲಿನಲ್ಲಿ ಎಷ್ಟೋ ಜನ ನಾಯಿಯ ಜೊತೆ ಬಂದು ಊಟ ಮಾಡಿ ಹೋದರು. ಕಪ್ಪು ಲ್ಯಾಬ್ರಡಾರ್ ಕಂಡಾಗಲೆಲ್ಲ ನಾನು ಎದ್ದು ಬಾಗಿಲಿಗೆ ಹೋಗುತ್ತಿದ್ದೆ. ಅವರು ಮತ್ತೆ ಬರಲಿಲ್ಲ.